ಹೊಸ ಬಣ್ಣದ ಹಳೇ ಬೆಂಡಿಂಗ್ ಮಶೀನು

ತಗಡು ಮಡಚುವ ಹಳೇ ಬೆಂಡಿಂಗ್ ಮಶೀನಿಗೆ ಹೊಸ ಬಣ್ಣ ಬಳಿದಿದ್ದರೆ ನಾನು ಈಗ ಎರಡು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ತುಕ್ಕು ಹಿಡಿದಿದ್ದರೆ ಹತ್ತಿರ ಹೋಗಿ ನೋಡುತ್ತೇನೆ. ಈ ಬುದ್ಧಿ ಬಂದಿದ್ದು ಒಂದು ಮಶೀನಿನ ದುಡ್ಡು ಕಳಕೊಂಡ ಮೇಲೆ.

ಮೊದಲನೇ ಸಲ ತಗೊಳ್ಳಲು ಹೊರಟಾಗ ನನಗೆ ಗೊತ್ತಿದ್ದದ್ದು ಇಷ್ಟೇ, ತಗಡು ನೆಟ್ಟಗೆ ಮಡಚಬೇಕು. ಅಲ್ಲಿಯವರೆಗೆ ವೈಸಿನಲ್ಲಿ ಎರಡು ಆಂಗಲ್ ಕಚ್ಚಿಸಿ, ನಡುವೆ ತಗಡು ಇಟ್ಟು ಮರದ ಕೊಡತಿಯಲ್ಲಿ ಬಡಿಯುತ್ತಿದ್ದೆ. ಎಷ್ಟು ಹುಷಾರಾಗಿ ಬಡಿದರೂ ಅಂಚು ಅಲೆ ಅಲೆಯಾಗಿಯೇ ಬರುತ್ತಿತ್ತು. ಆಗ ಸಿಕ್ಕಿದ್ದು ಈ ಮೂರಡಿ ಮಶೀನು. ಹಸಿರು ಎನಾಮೆಲ್ ಬಣ್ಣ, ಹಿಡಿಗೆ ಕೆಂಪು ಗುಂಡು, ನೋಡಿದರೆ ನಿನ್ನೆ ಫ್ಯಾಕ್ಟರಿಯಿಂದ ಬಂದ ಹಾಗಿತ್ತು. ಮಾರುವವರು ಅಂಗೈ ಅಗಲದ ಒಂದು ತೆಳು ತಗಡನ್ನು ಸರಿಯಾಗಿ ನಡುವೆ ಇಟ್ಟು ಮಡಚಿ ತೋರಿಸಿದರು. ಚೆನ್ನಾಗೇ ಮಡಚಿತು. ಅಂಗೈ ಅಗಲದ ತಗಡನ್ನು ಎಂಥ ಮಶೀನಾದರೂ ಮಡಚುತ್ತದೆ ಅಂತ ಆಗ ಹೊಳೆಯಲಿಲ್ಲ.

ಮನೆಗೆ ತಂದು ಪೂರ್ತಿ ಮೂರಡಿ ಉದ್ದದ 20 ಗೇಜ್ ತಗಡು ಹಾಕಿದೆ (ಗೇಜ್ ನಂಬರು ಏರಿದಷ್ಟೂ ತಗಡು ತೆಳು). ಎರಡು ತುದಿಯಲ್ಲಿ 90 ಡಿಗ್ರಿ ಬಂತು, ನಡುವೆ 83, ಅಂದರೆ ಅಲ್ಲಿ ತಗಡು ಪೂರ್ತಿ ಎದ್ದಿರಲಿಲ್ಲ. ಸರಿ, ಸೆಟ್ಟಿಂಗ್ ಇರಬೇಕು ಅಂದುಕೊಂಡು ಮೂರು ವಾರ ಬೋಲ್ಟು ಬಿಗಿ ಮಾಡುವುದು, ಸಡಿಲ ಮಾಡುವುದು ಇದೇ ಆಯಿತು. ಇವತ್ತು ಸರಿ ಮಾಡಿದ್ದು ನಾಳೆ ಇರುತ್ತಿರಲಿಲ್ಲ. ಕೊನೆಗೆ ಎಡಗಡೆ ಹಿಂಜಿನ, ಅಂದರೆ ತಿರುಗುವ ಕೀಲಿನ, ಹತ್ತಿರ ಸ್ಪ್ಯಾನರ್ ತಾಗಿ ಬಣ್ಣದ ಒಂದು ಚಕ್ಕೆ ಎದ್ದಿತು. ಬಣ್ಣದ ಕೆಳಗೆ ಪುಟ್ಟಿ. ಪುಟ್ಟಿ ಕೆರೆದರೆ ಕೆಳಗೆ ವೆಲ್ಡಿಂಗ್ ಗೆರೆ.

ಆಮೇಲೆ ಒಬ್ಬ ಹಳೇ ಫಿಟ್ಟರ್ ಹೇಳಿಕೊಟ್ಟದ್ದನ್ನು ಮಾಡಿದೆ. ಜಾಗವನ್ನು ಉಜ್ಜಿ ಕಬ್ಬಿಣ ಕಾಣುವ ಹಾಗೆ ಮಾಡಿ ಸೀಮೆಎಣ್ಣೆ ಸವರಿದೆ. ಇಪ್ಪತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಪೂರ್ತಿ ಒಣಗುವ ಹಾಗೆ ಒರೆಸಿದೆ. ಅದರ ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿದೆ. ಐದು ನಿಮಿಷ ಏನೂ ಇಲ್ಲ. ಆಮೇಲೆ ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಯೊಂದು ನಿಧಾನಕ್ಕೆ ಮೂಡಿತು. ವೆಲ್ಡಿಂಗ್ ಪಕ್ಕದಲ್ಲೇ ಶುರುವಾಗಿ, ಬೋಲ್ಟಿನ ತೂತಿನ ತನಕ ಹೋಗಿತ್ತು. ಬಿರುಕಿನೊಳಗೆ ಕೂತಿದ್ದ ಎಣ್ಣೆಯನ್ನು ಸುಣ್ಣ ಹೀರಿ ಹೊರಗೆ ತೋರಿಸುತ್ತದೆ, ಅಷ್ಟೇ ಇದರ ಗುಟ್ಟು. ಖರ್ಚೇ ಇಲ್ಲದ ಪರೀಕ್ಷೆ. ತಗೊಳ್ಳುವ ಮೊದಲು ಮಾಡಬೇಕಿತ್ತು.

ಅದು ಬೀಡು ಕಬ್ಬಿಣ. ಬೀಡಿನಲ್ಲಿ ಇಂಗಾಲ ಜಾಸ್ತಿ, ಮಾಮೂಲು ವೆಲ್ಡಿಂಗ್ ರಾಡಿನಲ್ಲಿ ಹಾಗೇ ಬೆಸೆದರೆ ಬೆಸುಗೆಯ ಪಕ್ಕದ ಜಾಗ ಗಾಜಿನ ಹಾಗೆ ಗಡುಸಾಗಿ, ತಣ್ಣಗಾಗುವಾಗ ಅಲ್ಲೇ ಮತ್ತೆ ಬಿಡುತ್ತದೆ. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದು ಅದು ಮುಂದೆ ಹೋಗದ ಹಾಗೆ ಮಾಡಿ, ಇಡೀ ಭಾಗವನ್ನು ಮೊದಲೇ ಕಾಯಿಸಿ, ನಿಕ್ಕಲ್ ರಾಡಿನಲ್ಲಿ ಬೆಸೆದು, ಬೂದಿಯಲ್ಲೋ ಮರಳಲ್ಲೋ ಹೂತಿಟ್ಟು ನಿಧಾನಕ್ಕೆ ಆರಿಸಬೇಕು, ಇಲ್ಲಾ ಹಿತ್ತಾಳೆ ಬೆಸುಗೆ ಹಾಕಬೇಕು. ಯಾರೋ ಅವಸರದಲ್ಲಿ ಮುಗಿಸಿ, ಪುಟ್ಟಿ ಮೆತ್ತಿ, ಹಸಿರು ಬಳಿದಿದ್ದರು. ಮಾರಿದವರಿಗೆ ಫೋನ್ ಮಾಡಿದರೆ, "ನೀವೇ ನೋಡಿ ತಗೊಂಡಿದ್ದಲ್ವಾ" ಅಂದರು. ಅದೂ ನಿಜವೇ.

ಆ ಮಶೀನು ಈಗಲೂ ಇದೆ. 24 ಗೇಜಿಗಿಂತ ದಪ್ಪದ್ದೇನೂ ಹಾಕುವುದಿಲ್ಲ.

ಎರಡನೇ ಸಲ ಹುಡುಕುವ ಮೊದಲು ಮಶೀನು ಹೇಗೆ ಕೆಲಸ ಮಾಡುತ್ತದೆ ಅಂತ ಕೂತು ಅರ್ಥ ಮಾಡಿಕೊಂಡೆ. (ಹುಡುಕುವುದೇ ಒಂದು ಪಾಡು. ಇಂಗ್ಲಿಷಿನಲ್ಲಿ ಇದಕ್ಕೆ ಬ್ರೇಕ್ ಅಂತಾರೆ, ಹಳೇ ಬ್ರೇಕ್ ಅಂತ ಹುಡುಕಿದರೆ ಪ್ರಪಂಚದ ಎಲ್ಲ ಕಾರುಗಳ ಬ್ರೇಕ್ ಪ್ಯಾಡೂ ಬರುತ್ತದೆ.) ಕೈಯಲ್ಲಿ ಮಡಚುವ ಮಶೀನಿನಲ್ಲಿ ಮುಖ್ಯವಾಗಿ ಮೂರೇ ಭಾಗ. ತಗಡು ಕೂರುವ ಬೆಡ್, ಅದನ್ನು ಮೇಲಿಂದ ಒತ್ತಿ ಹಿಡಿಯುವ ದವಡೆ, ಮುಂದೆ ಹಿಂಜಿನ ಮೇಲೆ ತಿರುಗಿ ತಗಡನ್ನು ಎತ್ತುವ ಹಲಗೆ. ಈ ಹಲಗೆಗೆ ಏಪ್ರನ್ ಅಂತಾರೆ. ದವಡೆ ಒಂದೇ ಉದ್ದ ಪಟ್ಟಿಯಾಗಿದ್ದರೆ ನೆಟ್ಟಗಿನ ಮಡಿಕೆ ಮಾತ್ರ. ಬೇರೆ ಬೇರೆ ಅಗಲದ ಬೆರಳುಗಳ ಹಾಗೆ ತುಂಡು ತುಂಡಾಗಿದ್ದರೆ ಡಬ್ಬಿಯ ನಾಲ್ಕೂ ಕಡೆ ಎತ್ತಬಹುದು, ಮೊದಲು ಮಡಚಿದ ಗೋಡೆಗಳು ಬೆರಳಿನ ಸಂದಿಯಲ್ಲಿ ಕೂರುತ್ತವೆ. ಡಬ್ಬಿ ಎಷ್ಟು ಆಳ ಆಗಬಹುದು ಅನ್ನುವುದನ್ನು ಬೆರಳಿನ ಎತ್ತರ ಹೇಳುತ್ತದೆ.

ದವಡೆ, ಏಪ್ರನ್ ಎರಡನ್ನೂ ಹಿಡಿದಿರುವುದು ಎರಡು ತುದಿಯಲ್ಲಿ ಮಾತ್ರ. ಆದ್ದರಿಂದ ಭಾರ ಬಿದ್ದಾಗ ಬಾಗುವುದು ನಡು. ಮಡಚಲು ಬೇಕಾಗುವ ಬಲ ತಗಡಿನ ದಪ್ಪದ ವರ್ಗದ ಪ್ರಕಾರ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು ಬೇಕು. 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್, 16 ಗೇಜ್ ಅಂದರೆ 1.5. ಬರೀ 0.3 ವ್ಯತ್ಯಾಸ ಅಂತ ಅನ್ನಿಸುತ್ತದೆ, ಬಲ ಮಾತ್ರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಮಶೀನಿನ ಮೇಲೆ 16 ಗೇಜ್ ಅಂತ ಬರೆದಿದ್ದರೆ ಅದು ಮೈಲ್ಡ್ ಸ್ಟೀಲಿಗೆ. ಸ್ಟೇನ್‌ಲೆಸ್ ಹಾಕುವುದಾದರೆ ಅದೇ ಮಶೀನಿನಲ್ಲಿ ಅದಕ್ಕಿಂತ ತೆಳು ತಗಡೇ ಆಗಬೇಕು. ಇದು ಗೊತ್ತಿಲ್ಲದೆ, ಇಲ್ಲ ಗೊತ್ತಿದ್ದೂ, ಹಿಡಿಗೆ ಪೈಪು ಸಿಕ್ಕಿಸಿ ಇಬ್ಬರು ಜೋತುಬಿದ್ದು ಮಡಚಿದ ಮಶೀನುಗಳು ಎಷ್ಟೋ. ಹಿಡಿಯ ತುದಿಯಲ್ಲಿ ಪೈಪು ಉಜ್ಜಿದ ಗುರುತು ಇದೆಯಾ ಅಂತ ಈಗ ಮೊದಲು ನೋಡುತ್ತೇನೆ.

ಎರಡನೇ ಮಶೀನು ಸಿಕ್ಕಿದ್ದು ಒಂದು ಮುಚ್ಚಿದ ವರ್ಕ್‌ಶಾಪಿನ ಹಿಂದೆ, ಸೋರುವ ಶೆಡ್ಡಿನಲ್ಲಿ. ನಾಲ್ಕಡಿ, ಬೆರಳಿನ ಮಶೀನು, 16 ಗೇಜಿನದು. ಮೈತುಂಬ ತುಕ್ಕು. ಒಂದು ಬೆರಳು ಇಲ್ಲ, ಬಲಗಡೆ ದವಡೆ ಬಿಗಿಮಾಡುವ ಹಿಡಿ ಜಾಮ್. ಆದರೆ ಹೆಸರಿನ ತಗಡು ಹಾಗೇ ಇತ್ತು, ಅದು ದೊಡ್ಡ ವಿಷಯ. ಪೆಕ್ಸ್‌ಟೊ ಅನ್ನುವ ಗುರುತಿನಲ್ಲಿ ಪೆಕ್, ಸ್ಟೋ ಅಂಡ್ ವಿಲ್ಕಾಕ್ಸ್ ಮಾಡಿದ ಮಶೀನುಗಳಾಗಲಿ, ಡ್ರೈಸ್ ಅಂಡ್ ಕ್ರಂಪ್ ಮಾಡಿದ ಶಿಕಾಗೋ ಬ್ರೇಕ್‌ಗಳಾಗಲಿ, ಇಂಥ ಹಳೇ ಹೆಸರುಗಳಿಗೆ ಕೈಪಿಡಿ, ಬಿಡಿಭಾಗದ ಚಿತ್ರ ಹುಡುಕಿದರೆ ಸಿಗುತ್ತವೆ. ಹೆಸರೇ ಇಲ್ಲದ ಮಶೀನಿಗೆ ಎಲ್ಲ ಊಹೆಯೇ.

ಈ ಸಲ ಚೀಲದಲ್ಲಿ ಸಾಮಾನು ತಗೊಂಡು ಹೋಗಿದ್ದೆ. ನೆಟ್ಟಗಿನ ಸ್ಟೀಲ್ ಪಟ್ಟಿ, ಸಂದು ಅಳೆಯುವ ಫೀಲರ್ ಗೇಜು, ಟಾರ್ಚು, ಡಿಗ್ರಿ ಅಳೆಯುವ ಕೋನಮಾಪಕ, ಸೀಮೆಎಣ್ಣೆ, ಸೀಮೆಸುಣ್ಣ, ಒಂದೇ ತಗಡಿನಿಂದ ಕತ್ತರಿಸಿದ ಎರಡಿಂಚು ಅಗಲದ ಮೂರು ಪಟ್ಟಿ, ನಾಲ್ಕಡಿ ಉದ್ದದ ಒಂದು 20 ಗೇಜ್ ತುಂಡು. ಮಾರುವವರ ಮಗ ನೋಡಿ ನಕ್ಕ.

ಮೂರು ಪಟ್ಟಿಗಳನ್ನು ಎಡ, ನಡು, ಬಲ ಹೀಗೆ ಒಟ್ಟಿಗೇ ಕಚ್ಚಿಸಿ ಒಂದೇ ಸಲ ಮಡಚಬೇಕು. ಪಟ್ಟಿ ಸಣ್ಣದು, ಮಶೀನಿಗೆ ಭಾರವೇ ಇಲ್ಲ, ಬಾಗುವ ಮಾತಿಲ್ಲ. ಆದರೂ ಡಿಗ್ರಿ ಬೇರೆ ಬೇರೆ ಬಂದರೆ ಅದು ಸವೆತ ಇಲ್ಲವೇ ಸೆಟ್ಟಿಂಗ್. ಪಟ್ಟಿಗಳು ಸರಿಯಾಗಿ ಬಂದು, ಉದ್ದ ತುಂಡು ಹಾಕಿದಾಗ ಮಾತ್ರ ನಡು ತೆರೆದುಕೊಂಡರೆ ಅದು ಬಾಗುತ್ತಿರುವುದು. ಈ ಎರಡನ್ನು ಬೇರೆ ಮಾಡಿ ನೋಡದಿದ್ದರೆ ನನ್ನ ಹಾಗೆ ಮೂರು ವಾರ ಬೋಲ್ಟು ತಿರುಗಿಸುತ್ತಾ ಕೂರಬೇಕಾಗುತ್ತದೆ.

ಇಲ್ಲಿ ಪಟ್ಟಿಗಳು 90, 88, 91 ಬಂದವು. ಉದ್ದ ತುಂಡಿನ ನಡುವೆ 86. ಕೆಟ್ಟದ್ದೇನಲ್ಲ. ಬೆರಳುಗಳ ಹಿಂದೆ ಟಾರ್ಚು ಹಿಡಿದು ದವಡೆ ಮುಚ್ಚಿದಾಗ ನಡುವಿನ ನಾಲ್ಕು ಬೆರಳಿನ ಕೆಳಗೆ ಸಣ್ಣ ಬೆಳಕು ಕಂಡಿತು, 0.2 ಮಿಲಿಮೀಟರಿನ ಫೀಲರ್ ಹೋಯಿತು. ಎಲ್ಲರೂ ಸಣ್ಣ ಕೆಲಸಗಳನ್ನು ನಡುವೆಯೇ ಮಾಡುವುದರಿಂದ ಹಳೇ ಮಶೀನಿನ ನಡು ಸವೆದಿರುವುದು ಮಾಮೂಲು. ಎರಡು ಬೆರಳಿನ ಮೂತಿಯಲ್ಲಿ (ತಗಡನ್ನು ಒತ್ತುವ ಅಂಚಿನಲ್ಲಿ) ಮಾತ್ರ ಅರ್ಧಚಂದ್ರಾಕಾರದ ಕುಳಿ ಬಿದ್ದಿತ್ತು. "ಇದರಲ್ಲಿ ಸರಳು ಮಡಚುತ್ತಿದ್ರಾ?" ಅಂತ ಕೇಳಿದೆ. "ಹೂಂ, ಎಲ್ಲಾ ಮಡಚುತ್ತಿತ್ತು, ಗಟ್ಟಿ ಮಶೀನು" ಅಂದರು ಹೆಮ್ಮೆಯಿಂದ. ದುಂಡು ಸರಳು ಹಾಕಿದರೆ ಪೂರ್ತಿ ಬಲ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ, ಮೂತಿ ಹಾಳಾಗುವುದು ಹಾಗೆಯೇ. ಕಡೆಯದಾಗಿ ಏಪ್ರನ್ನನ್ನು ಎರಡು ತುದಿಯಲ್ಲೂ ಕೈಯಿಂದ ಮೇಲೆ ಎತ್ತಿ ನೋಡಿದೆ. ಬಲಗಡೆ ಟಕ್ ಟಕ್ ಅಂತ ಆಡಿತು, ಹಿಂಜಿನ ಪಿನ್ ಸವೆದಿದೆ. ಪಿನ್ ಹೊಸದು ಮಾಡಿಸಬಹುದು. ಬಿರುಕು ಎಲ್ಲೂ ಇರಲಿಲ್ಲ. ತಗೊಂಡೆ.

ಸಾಗಿಸುವಾಗ ಒಂದು ಮಾತು. ಇವುಗಳ ತೂಕ ಪೂರ್ತಿ ಮೇಲುಗಡೆ, ಕಾಲು ಬಡಕಲು, ಸ್ವಲ್ಪ ವಾಲಿದರೂ ಮಗುಚಿಕೊಳ್ಳುತ್ತವೆ. ಏಪ್ರನ್ನನ್ನು ಹಗ್ಗದಲ್ಲಿ ಕಟ್ಟಿ. ಅದರ ತೂಕ ಸರಿದೂಗಿಸುವ ಹಿಂದಿನ ಭಾರದ ಗುಂಡುಗಳನ್ನು ಬಿಚ್ಚಿದ ತಕ್ಷಣ ಏಪ್ರನ್ ಧಪ್ಪಂತ ಬೀಳುತ್ತದೆ. ನನ್ನ ಮೊಣಕಾಲಿನ ಹತ್ತಿರ ಇನ್ನೂ ಗುರುತಿದೆ.

ಬಿಚ್ಚುವ ಮೊದಲು ಪ್ರತಿ ಮೂಲೆಯ ಫೋಟೋ ತೆಗೆದೆ. ಬೆರಳುಗಳ ಮೇಲ್ಭಾಗದಲ್ಲಿ, ತಗಡು ತಾಗದ ಕಡೆ, ಪಂಚಿನಲ್ಲಿ ಚುಕ್ಕೆ ಹೊಡೆದು ನಂಬರು ಹಾಕಿದೆ. ಜಾಮ್ ಆಗಿದ್ದ ಹಿಡಿಗೆ ಅಸಿಟೋನ್, ಆಟೋಮ್ಯಾಟಿಕ್ ಗೇರಿನ ಕಾರಿಗೆ ಹಾಕುವ ಟ್ರಾನ್ಸ್‌ಮಿಷನ್ ಎಣ್ಣೆ ಸಮಸಮ ಬೆರೆಸಿ ದಿನಕ್ಕೆರಡು ಸಲ ಬಿಟ್ಟೆ. ಇವೆರಡೂ ಬೆರೆತು ನಿಲ್ಲುವುದಿಲ್ಲ, ಪ್ರತಿ ಸಲ ಕುಲುಕಬೇಕು. ಅಸಿಟೋನ್ ಬೆಂಕಿಗೆ ಭಗ್ ಅನ್ನುತ್ತದೆ, ಇದನ್ನು ಹಾಕಿದ ಜಾಗಕ್ಕೆ ಗ್ಯಾಸ್ ಟಾರ್ಚಿನ ಬೆಂಕಿ ಹಿಡಿಯಬೇಡಿ. ಮೂರನೇ ದಿನ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದಾಗ ಕಿರ್ ಅಂತ ಒಂದು ಸದ್ದು ಬಂತು, ಆ ಸದ್ದು ಕೇಳಿದಾಗಿನ ಖುಷಿಯೇ ಬೇರೆ.

ತುಕ್ಕಿಗೆ ಸಣ್ಣ ಭಾಗಗಳನ್ನು ಕರೆಂಟು ಸ್ನಾನಕ್ಕೆ ಹಾಕಿದೆ. ಪ್ಲಾಸ್ಟಿಕ್ ಟಬ್ಬು, ನೀರು, ಲೀಟರಿಗೆ ಒಂದು ಟೀ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ಮೈನಸ್ ತಂತಿ ನಮ್ಮ ಭಾಗಕ್ಕೆ, ಪ್ಲಸ್ ಬೇಡದ ಕಬ್ಬಿಣದ ತುಂಡಿಗೆ. ಅದಲು ಬದಲಾದರೆ ತುಕ್ಕು ಹೋಗುವ ಬದಲು ನಮ್ಮ ಭಾಗವೇ ಕರಗುತ್ತದೆ. ಪ್ಲಸ್ಸಿಗೆ ಸ್ಟೇನ್‌ಲೆಸ್ ಹಾಕಿದರೆ ಬೇಗ ಹಾಳಾಗುವುದಿಲ್ಲ ಅಂತ ಕೆಲವರು ಹಾಕುತ್ತಾರೆ, ನೀರಿಗೆ ವಿಷದ ಕ್ರೋಮಿಯಂ ಸೇರುತ್ತದೆ, ಅದನ್ನು ಮಾಡಲೇಬಾರದು. ಗುಳ್ಳೆ ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಹಾಗಾಗಿ ಗಾಳಿ ಆಡುವ ಕಡೆ ಇಡಬೇಕು, ಕಿಡಿ ಹತ್ತಿರ ಸುಳಿಯಬಾರದು. ಅದೇ ಹೈಡ್ರೋಜನ್ ಗಡಸು ಮಾಡಿದ ಉಕ್ಕಿನೊಳಗೆ ಸೇರಿದರೆ ಅದು ಪೆಡಸಾಗಿ ಬಿರಿಯುವ ಅಪಾಯ ಇರುವುದರಿಂದ ಬೆರಳುಗಳನ್ನು ಇದರಲ್ಲಿ ಹಾಕಲಿಲ್ಲ. ಅವಕ್ಕೆ ಎಣ್ಣೆ, ತಂತಿ ಬ್ರಷ್ಷು, ತಾಳ್ಮೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು ಅಂತ ಒಣಗಿದ್ದನ್ನು ಉಜ್ಜದೆ ಪೇಂಟ್ ರಿಮೂವರ್ ಹಚ್ಚಿ ಕೆರೆದೆ.

ಇನ್ನು ಮೂತಿಗಳ ವಿಷಯ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಮೂತಿಗೆ ಆಂಗಲ್ ಗ್ರೈಂಡರ್ ಮುಟ್ಟಿಸಬೇಡಿ. ಮೊದಲನೇ ಮಶೀನಿಗೆ ನಾನು ಮುಟ್ಟಿಸಿದ್ದೆ, ನೋಡಲು ಪಳಪಳ, ತಗಡು ಹಾಕಿದರೆ ಪ್ರತಿ ಮಡಿಕೆಯಲ್ಲೂ ಅಲೆ. ಕಣ್ಣಿಗೆ ಕಾಣದ ತಗ್ಗು ತಗಡಿನ ಮೇಲೆ ಅಚ್ಚು ಬೀಳುತ್ತದೆ. ಬೆಡ್ಡಿನ ಅಂಚಿಗೆ, ಏಪ್ರನ್ನಿನ ಅಂಚಿಗೆ ನೀಲಿ ಬಣ್ಣ ಸವರಿ, ಉದ್ದ ಅರವನ್ನು ಎರಡು ಕೈಯಲ್ಲಿ ಅಡ್ಡ ಹಿಡಿದು, ಅಂಚಿನ ಉದ್ದಕ್ಕೆ ಎಳೆಯುತ್ತಾ ಹೋದೆ. ನೀಲಿ ಹೋದ ಕಡೆ ಉಬ್ಬು, ಉಳಿದ ಕಡೆ ತಗ್ಗು. ಹತ್ತು ಸಲ ಎಳೆಯುವುದು, ಪಟ್ಟಿ ಇಟ್ಟು ನೋಡುವುದು, ಮತ್ತೆ ನೀಲಿ. ನಾಲ್ಕು ಸಂಜೆ ಹಿಡಿಯಿತು. ಅರದ ಹಲ್ಲಿಗೆ ಸೀಮೆಸುಣ್ಣ ತಿಕ್ಕಿಕೊಂಡರೆ ಕಬ್ಬಿಣದ ಚೂರು ಕಚ್ಚಿಕೊಂಡು ಗೀರು ಬೀಳುವುದಿಲ್ಲ.

ಬೆರಳುಗಳನ್ನು ಮಾತ್ರ ಕೈಯಲ್ಲಿ ಮಾಡಲು ಹೋಗಲಿಲ್ಲ. ಕುಳಿ ಬಿದ್ದ ಎರಡನ್ನು ಮಾತ್ರ ಉಜ್ಜಿದರೆ ಅವು ಉಳಿದವಕ್ಕಿಂತ ಗಿಡ್ಡ ಆಗುತ್ತವೆ, ಅಲ್ಲಿ ತಗಡಿಗೆ ಹಿಡಿತವೇ ಇರುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಸಾಲಾಗಿ ಜೋಡಿಸಿ, ಸಪಾಟಾಗಿ ಉಜ್ಜುವ ಸರ್ಫೇಸ್ ಗ್ರೈಂಡರಿನಲ್ಲಿ ಒಂದೇ ಎತ್ತರಕ್ಕೆ ತರಬೇಕು. ಮಶೀನಿದ್ದ ಗೆಳೆಯನಿಗೆ ಕೊಟ್ಟೆ. ಆ ಎರಡು ಬೆರಳಿನ ಕುಳಿ ಪೂರ್ತಿ ಹೋಗುವ ತನಕ ಎಲ್ಲವನ್ನೂ ಇಳಿಸಿದರೆ ತುಂಬಾ ಹೋಗುತ್ತದೆ ಅಂತ ಅವನೇ ತಡೆದ. ಕುಳಿ ಸ್ವಲ್ಪ ಉಳಿದಿದೆ. ಆ ಎರಡನ್ನು ತುದಿಗೆ ಹಾಕಿ, ತುದಿಯಲ್ಲಿದ್ದ ಒಳ್ಳೆಯವನ್ನು ನಡುವಿಗೆ ತಂದೆ. ಕಳೆದುಹೋಗಿದ್ದ ಬೆರಳನ್ನೂ ಪಕ್ಕದ್ದರ ಅಳತೆಗೆ ಅವನೇ ಮಾಡಿಕೊಟ್ಟ.

ಹಿಂಜಿಗೆ ಹೊಸ ಪಿನ್ನು, ಕಂಚಿನ ಬುಷ್ಷು. ಹಿಂಜು ತಿರುಗುವ ನಡುಗೆರೆ ಸರಿಯಾಗಿ ಬೆಡ್ಡಿನ ಅಂಚಿನ ಗೆರೆಯಲ್ಲೇ ಇರಬೇಕು. ಪಿನ್ ಸವೆದು ಏಪ್ರನ್ ಒಂದು ಕೂದಲಿನಷ್ಟು ಕೆಳಗಿಳಿದರೂ ಮಡಚುವಾಗ ಅದು ತಗಡಿನ ಮೇಲೆ ಜಾರುತ್ತದೆ, ಹೊರಗಡೆ ಉದ್ದಕ್ಕೆ ಗೀರು ಬೀಳುತ್ತದೆ. ನಿಮ್ಮ ಮಶೀನಿನಲ್ಲಿ ಇಂಥ ಗೀರು ಬರುತ್ತಿದ್ದರೆ ಅಂಚನ್ನು ಪಾಲಿಶ್ ಮಾಡುವ ಮೊದಲು ಹಿಂಜನ್ನು ನೋಡಿ.

ಜೋಡಿಸಿ ನಿಲ್ಲಿಸಿದಾಗ ಮತ್ತೆ ಪಟ್ಟಿ ಪರೀಕ್ಷೆ ಮಾಡಿದರೆ 90, 90, 93! ತಲೆ ಕೆಟ್ಟಿತು. ಆಮೇಲೆ ನೋಡಿದರೆ ನೆಲ ಸಮ ಇಲ್ಲ. ಒಂದು ಕಾಲು ಎದ್ದು, ಬೋಲ್ಟು ಬಿಗಿದಾಗ ಇಡೀ ಬೆಡ್ಡು ತಿರುಚಿಕೊಂಡಿತ್ತು. ಕಾಲಿನ ಕೆಳಗೆ ತಗಡಿನ ತುಂಡು ಕೊಟ್ಟು ಬಿಗಿದ ಮೇಲೆ ಮೂರೂ ಸರಿಹೋದವು. ಇಷ್ಟು ದಪ್ಪ ಕಬ್ಬಿಣ ತಿರುಚುತ್ತದಾ ಅಂತ ಕೇಳಬೇಡಿ, ತಿರುಚುತ್ತದೆ.

ಉಳಿದದ್ದು ಎರಡು ಸೆಟ್ಟಿಂಗ್. ಬೆರಳಿನ ಮೂತಿ ಮಡಿಕೆಯ ಗೆರೆಯಿಂದ ತಗಡಿನ ದಪ್ಪದಷ್ಟು ಹಿಂದೆ ಇರಬೇಕು, ಮಶೀನಿನ ಮಿತಿಗೆ ಹತ್ತಿರದ ದಪ್ಪವಾದರೆ ಅದರ ಎರಡರಷ್ಟು. ಈ ಜಾಗ ಬಿಡದೆ ದಪ್ಪ ತಗಡು ಹಾಕುವುದೇ ಮೂತಿ, ಹಿಂಜು, ಬೀಡು ಎಲ್ಲ ಒಡೆಯಲು ದೊಡ್ಡ ಕಾರಣ. ಇನ್ನೊಂದು ಏಪ್ರನ್ ಕೆಳಗಿನ ಟ್ರಸ್ ರಾಡು, ಅಂದರೆ ಉದ್ದಕ್ಕೆ ಎಳೆದು ಬಿಗಿದ ಸರಳು. ಅದನ್ನು ಬಿಗಿ ಮಾಡಿದರೆ ಏಪ್ರನ್ನಿನ ನಡು ಮೇಲೆ ಬರುತ್ತದೆ. ಕಾಲು ಸುತ್ತು ತಿರುಗಿಸಿ, ನಾಲ್ಕಡಿ ತುಂಡು ಮಡಚಿ, ಅಳೆದು, ಮತ್ತೆ ಕಾಲು ಸುತ್ತು. ಆರನೇ ತುಂಡಿಗೆ ತುದಿ 90, ನಡು 89.5. ಅಲ್ಲಿಗೆ ಕೈ ತೊಳೆದೆ.

ಪ್ರೆಸ್ ಬ್ರೇಕಿನ (ಮೇಲಿನ ಪಂಚು ತಗಡನ್ನು ಕೆಳಗಿನ ಡೈಯೊಳಗೆ ಒತ್ತಿ ಮಡಚುವ ಮಶೀನಿನ) ಹಳೇ ಪಂಚು, ಡೈ ತಗೊಳ್ಳುವವರಿಗೆ ಸುಮ್ನೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕನ್ ಮಾದರಿಯ ಪಂಚಿನ ಕತ್ತು 12.7 ಮಿಲಿಮೀಟರ್, ಯೂರೋಪಿನದು 13. ಫೋಟೋದಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ವರ್ನಿಯರ್ ಹಿಡಿದು ಅಳೆಯದೆ ತಗೋಬೇಡಿ. ಪಕ್ಕದಲ್ಲಿ ಮೀಟರಿಗೆ ಇಷ್ಟು ಟನ್ ಅಂತ ಕೊರೆದಿದ್ದರೆ ಅದನ್ನು ಓದಿ. ತುಂಡು ತುಂಡಾಗಿ ಬೇರೆ ಬೇರೆ ಕಡೆಯಿಂದ ಕೂಡಿಸಿದರೆ ಎತ್ತರ ಕೂಡುವುದಿಲ್ಲ, ಅದು ನನ್ನ ಬೆರಳಿನ ಕಥೆಯೇ.

ಮಶೀನು ಈಗ ಆರು ತಿಂಗಳಿಂದ ಓಡುತ್ತಿದೆ. ನೋಡಿದವರೆಲ್ಲ ಯಾವ ಬಣ್ಣ ಹಚ್ಚುತ್ತೀರಿ ಅಂತ ಕೇಳುತ್ತಾರೆ. ಇನ್ನೂ ಹಚ್ಚಿಲ್ಲ. ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದೇನೆ, ಬೆಳಗ್ಗೆ ಮೊದಲ ತಗಡು ಹಾಕುವ ಮುಂಚೆ ಮೂತಿಯ ಎಣ್ಣೆ ಒರೆಸುವುದು ಮಾತ್ರ ಆಗಾಗ ಮರೆತುಹೋಗುತ್ತದೆ. ಬೀಡಿನ ಮೇಲೆ ಸೀಮೆಸುಣ್ಣ ಉಜ್ಜಿದ ಬಿಳಿ ಕಲೆಗಳು ಇನ್ನೂ ಹಾಗೇ ಇವೆ.